ಲೇ ಅಂದರೆ ಸಿಟ್ಟಾಗಬೇಡಿ!

ಮೈಸೂರು, ಮಂಡ್ಯದ ಕಡೆಯಿಂದ ನಮ್ಮ ಸೀಮೆಗೆ ಸೊಸೆಯಾಗಿ ಬಂದವರಾಗಲಿ, ಗಂಡನಿಗೆ ವರ್ಗವಾಯಿತೆಂದು ಮಕ್ಕಳು-ಮರಿ, ಪಾತ್ರೆ-ಪಡಗಗಳೊಂದಿಗೆ ಬಂದಿಳಿದವರಾಗಲಿ, ಮೊದಲ ವಾರ ತವರಿಗೆ ಮಾಡುವ ಫೋನಿನಲ್ಲಿ ಒಂದು ಮಾತನ್ನು ಹೇಳಿಯೇ ಹೇಳುತ್ತಾರೆ: “ಅಮ್ಮಾ, ಇಲ್ಲಿನ ಜನ ಬಲು ಒರಟು. ತರಕಾರಿಯವಳಿಂದ ಹಿಡಿದು ಪಕ್ಕದ ಮನೆ ಅಜ್ಜಿಯವರೆಗೆ ಎಲ್ಲರೂ ನನ್ನನ್ನು ‘ನೀನು’ ಅಂತಲೇ ಮಾತಾಡಿಸ್ತಾರೆ. ಅದೇನು ‘ಲೇ’ಯೋ, ಅದೇನು ಗಂಟಲೋ!”

ಆರು ತಿಂಗಳು ಬಿಟ್ಟು ಅದೇ ಹುಡುಗಿಯನ್ನು ಮಾತಾಡಿಸಿ ನೋಡಿ. ಮಗುವಿಗೆ ಜ್ವರ ಬಂದ ರಾತ್ರಿ ಕರೆಯದೆಯೇ ಒಳಗೆ ಬಂದು ಬೆಳಗಿನ ತನಕ ಕೂತವಳು ಆ ‘ಗಂಟಲಿನ’ ಅಜ್ಜಿಯೇ ಎಂದು ಅವಳೇ ಹೇಳುತ್ತಾಳೆ.

ನಮ್ಮ ಸೀಮೆ ಅಂದರೆ ಯಾವುದು ಎಂದಿರಾ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿಯುವ ಐದು ತಾಲ್ಲೂಕುಗಳು. ಹಂಪಿ ನೋಡಲು ಬರುವವರು ಸಾಮಾನ್ಯವಾಗಿ ಹೊಸಪೇಟೆಯಿಂದಲೇ ಹಿಂದಿರುಗುತ್ತಾರೆ. ಈ ಕಡೆ ಬರುವವರು ಹರಕೆ ಹೊತ್ತವರು, ಹೆಣ್ಣು ಕೊಟ್ಟವರು, ಹೆಣ್ಣು ತಂದವರು. ಹಾಗಾಗಿ ಇಲ್ಲಿ ನೋಡಬೇಕಾದ ಸ್ಥಳಗಳಿಗಿಂತ ಕಿವಿಗೆ ಬೀಳುವ ಮಾತುಗಳ ಬಗ್ಗೆಯೇ ನಿಮಗೆ ಹೇಳೋಣವೆಂದು ಕುಳಿತಿದ್ದೇನೆ.

ಮೊದಲು ಸಂತೆಗೆ ಹೋಗೋಣ ಬನ್ನಿ. ಬದನೆಕಾಯಿಯ ಗುಡ್ಡೆಯ ಮುಂದೆ ನೀವು ಅರೆಕ್ಷಣ ಅನುಮಾನಿಸಿ ನಿಂತಿರೋ, ಆಯಿತು! “ಬಾರವ್ವ ಇತ್ತಾಗ! ನೋಡ್ಕೊಂತ ನಿಂತ್ರ ಬದನಿಕಾಯಿ ತಾನಾಗೇ ನಿನ್ನ ಚೀಲಕ್ಕ ಬರ್ತೈತೇನು?” ಸುತ್ತಲಿನವರು ನಗುತ್ತಾರೆ. ನಿಮಗೆ ಮುಖ ಕೆಂಪಾಗುತ್ತದೆ. ಆಕೆ ಮಾತ್ರ ಅದೇ ಉಸಿರಿನಲ್ಲಿ ತೂಕ ಮಾಡಿ, ಮೇಲೆ ಎರಡು ಕಾಯಿ ಕೊಸರು ಹಾಕಿ, ಕೇಳದಿದ್ದರೂ ಒಂದು ಹಿಡಿ ಕೊತ್ತಂಬರಿ ತುರುಕಿ, “ಎಣ್ಣೆಗಾಯಿ ಮಾಡು, ಗುರೆಳ್ಳು ಪುಡಿ ಮರೀಬ್ಯಾಡ” ಎಂದು ಕಳಿಸುತ್ತಾಳೆ. ಬಣ್ಣ ಬಣ್ಣದ ದೀಪದ ಸೂಪರ್ ಮಾರ್ಕೆಟ್ಟಿನ ಹುಡುಗಿ “ಥ್ಯಾಂಕ್ಯೂ ಮ್ಯಾಮ್” ಎನ್ನುತ್ತಾಳೆ, ನಿಜ. ಆದರೆ ಕೊಸರು ಹಾಕಿದ್ದನ್ನು ನಾನಂತೂ ಕಂಡಿಲ್ಲ.

ಗಂಡಸರಿಗೆ ‘ಲೇ’, ಹೆಂಗಸರಿಗೆ ‘ಬೇ’, ಹೆತ್ತ ತಾಯಿಗೂ ‘ಯವ್ವಾ, ಬಾ ಬೇ’. ಇದು ನಮ್ಮ ಲೆಕ್ಕ. ದೇವರನ್ನೂ ಬಿಟ್ಟಿಲ್ಲ ನೋಡಿ. “ಕೊಟ್ರಪ್ಪಾ, ನೀನ ಕಾಯಬೇಕಪ್ಪಾ” ಎಂದು ಏಕವಚನದಲ್ಲಿಯೇ ಜಗಳ ತೆಗೆಯುತ್ತೇವೆ. ಆ ಕೊಟ್ಟೂರೇಶ್ವರನ ಹೆಸರು ಮನೆಗೊಂದು. ಯಾವುದೇ ಶಾಲೆಯ ಅಂಗಳದಲ್ಲಿ “ಕೊಟ್ರೇಶಾ” ಎಂದು ಕೂಗಿ, ನಾಲ್ಕು ತಲೆಯಾದರೂ ತಿರುಗುತ್ತವೆ.

ಇನ್ನು ಬಸ್ಸಿನಲ್ಲಿ ಪಕ್ಕದ ಸೀಟಿನ ವಿಚಾರಣೆ. “ಯಾವೂರವ್ವಾ? ಎಷ್ಟು ಮಕ್ಕಳು? ಗಂಡೇನು, ಹೆಣ್ಣೇನು? ಯಾಕ ಹಿಂಗ ಸೊರಗೀಯ, ಅತ್ತಿ ಮನ್ಯಾಗ ಕೂಳು ಹಾಕಂಗಿಲ್ಲೇನು?” ಪೇಟೆಯವರಿಗೆ ಇದು ಅಧಿಕಪ್ರಸಂಗ. ಇಲ್ಲಿ ಇದು ಪರಿಚಯದ ಪೀಠಿಕೆ. ಇಳಿಯುವಷ್ಟರಲ್ಲಿ ಆಕೆ ನಿಮ್ಮ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿರುತ್ತಾಳೆ, ಬುತ್ತಿಯ ರೊಟ್ಟಿಯಲ್ಲಿ ಅರ್ಧ ನಿಮ್ಮ ಕೈಗೆ ಬಂದಿರುತ್ತದೆ. ಅಂದ ಹಾಗೆ, ಈ ಬುತ್ತಿಯನ್ನು ನೋಡಿಯೇ ಯಾವ ದಿಕ್ಕಿನವರೆಂದು ಹೇಳಬಹುದು. ಹಡಗಲಿಯ ಕಡೆಯವರದು ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ಚಿತ್ರದುರ್ಗಕ್ಕೆ ಅಂಟಿದ ಕೂಡ್ಲಿಗಿಯ ಕಡೆ ರಾಗಿ ಮುದ್ದೆಯ ರಾಜ್ಯ ಶುರುವಾಗುತ್ತದೆ. ಮಾತಿನಲ್ಲೂ ಹಾಗೆಯೇ. ಉತ್ತರದ ‘ರೀ’ ಮತ್ತು ದಕ್ಷಿಣದ ‘ಕಣೇ’ ಎರಡಕ್ಕೂ ಮಧ್ಯದ ಅಡುಗೆಮನೆ ನಮ್ಮದು.

ಕೊಟ್ಟೂರು ತಾಲ್ಲೂಕಿನಲ್ಲಿ ಉಜ್ಜಿನಿ ಎಂಬ ಊರಿದೆ. ವೀರಶೈವರ ಪಂಚಪೀಠಗಳಲ್ಲೊಂದು. ಅಲ್ಲಿಯ ಮರುಳಸಿದ್ಧೇಶ್ವರನ ಗುಡಿಯ ಒಳಗಿನ ಕೆತ್ತನೆಯನ್ನು ನೋಡಿದವರು ಹೇಳುವ ಗಾದೆ ನೀವೂ ಕೇಳಿರಬಹುದು: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಗುಡಿಗೆ ಹೇಳಿದ್ದನ್ನು ನಮ್ಮ ಮಂದಿಗೂ ಹೇಳಬಹುದೆಂದು ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಮಾಘ ಮಾಸದಲ್ಲಿ, ಅಂದರೆ ಫೆಬ್ರವರಿಯ ಆಸುಪಾಸಿನಲ್ಲಿ, ಕೊಟ್ಟೂರಿನ ತೇರು. ದಾವಣಗೆರೆಯಿಂದ, ಚಿತ್ರದುರ್ಗದ ಕಡೆಯಿಂದ ಸಾವಿರಾರು ಮಂದಿ ನಡೆದುಕೊಂಡೇ ಬರುತ್ತಾರೆ. ದಾರಿಯ ಹಳ್ಳಿಗಳಲ್ಲಿ ಶಾಮಿಯಾನ ಹಾಕಿ ಮಜ್ಜಿಗೆ, ಪಾನಕ, ಉಪ್ಪಿಟ್ಟು, ಅನ್ನ-ಸಾರು, ಬೊಬ್ಬೆ ಬಂದ ಕಾಲಿಗೆ ಬಿಸಿನೀರು. ಯಾರು, ಯಾವ ಜಾತಿ ಎಂದು ಅಲ್ಲಿ ಕೇಳುವವರಿಲ್ಲ. ಆದರೆ ಆ ಉಪಚಾರದ ಭಾಷೆಯನ್ನು ಕೇಳಬೇಕು ನೀವು! “ಏ ನಿಂದ್ರಲೇ! ಉಣ್ಣದ ಹೋದಿ ಅಂದ್ರ ಕಾಲು ಮುರೀತೀನಿ!” ನೂರು ಮೈಲಿ ನಡೆದು ಬಂದವನ ಕಾಲು ಮುರಿಯುವ ಬೆದರಿಕೆ ಹಾಕಿ ಅದೇ ಕಾಲಿಗೆ ಎಣ್ಣೆ ಹಚ್ಚುವ ಮಂದಿ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮೂರನ್ನು ಹೊಗಳಿಕೊಂಡಂತಾಗುತ್ತದೆ ಅಷ್ಟೆ. ಅದೇ ‘ಲೇ’ಗೆ ಇನ್ನೊಂದು ಮುಖವಿದೆ, ಅದನ್ನೂ ಹೇಳಬೇಕು. ಸರೀಕರ ನಡುವೆ ಸಲುಗೆಯಾದ ಈ ಶಬ್ದ ಮೇಲಿನಿಂದ ಕೆಳಕ್ಕೆ ಬಿದ್ದಾಗ ಕಲ್ಲಾಗುತ್ತದೆ. ದೊಡ್ಡ ಮನೆಯ ಎಂಟು ವರ್ಷದ ಹುಡುಗ ಕೂಲಿಗೆ ಬಂದ ಅರವತ್ತರ ಮುದುಕನನ್ನು “ಲೇ” ಎಂದು ಕರೆದು ಹೆಸರು ಹಿಡಿದು ಕೂಗುವುದು, ಆ ಮುದುಕ ಹುಡುಗನಿಗೆ “ಬಂದೆ ಧಣೀ” ಎನ್ನುವುದು. ಇದು ನಮ್ಮ ಹಳ್ಳಿಗಳಲ್ಲಿ ಇತ್ತು. ಪೂರಾ ಹೋಗಿದೆ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಪಕ್ಕದಲ್ಲಿ ಕೂತ ಮಗನನ್ನು ತಿದ್ದದೆ ಮುಗುಳ್ನಗುತ್ತಾ ಕೂತ ತಾಯಂದಿರನ್ನು ಕಂಡಿದ್ದೇನೆ. ಯಾರಾದರೂ ಅದೇ ಹುಡುಗ ಅವಳ ತಮ್ಮನನ್ನು ಹಾಗೆ ಕರೆದಿದ್ದರೆ?

ಕೆಲವು ಹಳ್ಳಿಗಳ ಚಹದಂಗಡಿಗಳಲ್ಲಿ ಹಿಂದೆ ದಲಿತರಿಗೆ ಬೇರೆ ಲೋಟವಿತ್ತು. ಹೊರಗೆ ಗೂಡಿನಲ್ಲಿ ಇಡುತ್ತಿದ್ದರು. ಕುಡಿದು ತಾವೇ ತೊಳೆದಿಡಬೇಕು. ಆಮೇಲೆ ಕಾಗದದ ಕಪ್ಪು ಬಂತು, ಎಲ್ಲರಿಗೂ ಒಂದೇ. ಲೋಟದ ಭೇದ ಹೋಯಿತು ಎನ್ನುತ್ತಾರೆ. ಹೋದದ್ದು ಲೋಟವೋ, ಭೇದವೋ? ಸ್ಟೀಲಿನ ಲೋಟ ಇನ್ನೂ ಇರುವ ನಮ್ಮ ನಿಮ್ಮ ಅಡುಗೆಮನೆಗಳಲ್ಲಿಯೇ ಅದನ್ನು ನೋಡಿಕೊಳ್ಳಬೇಕು. ಮನೆಗೆಲಸಕ್ಕೆ ಬರುವಾಕೆಗೆ ಚಹ ಯಾವುದರಲ್ಲಿ ಕೊಡುತ್ತೇವೆ?

“ಯಾವ ಮಂದಿ ನೀವು?” ಎಂಬ ಪ್ರಶ್ನೆಯೂ ಹೀಗೆಯೇ ವೇಷ ಬದಲಿಸಿದೆ. ಮೊದಲು ಜಗಲಿಯ ಮೇಲೆಯೇ ಕೂಗಿ ಕೇಳುತ್ತಿದ್ದರು. ಈಗ ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ ಹುಡುಕಲು ಹೋದರೆ, ಮನೆಯೊಡತಿ ನಯವಾಗಿ ಕುರ್ಚಿ ಹಾಕಿ, ನೀರು ಕೊಟ್ಟು, “ನಿಮ್ಮ ಸರ್‌ನೇಮ್ ಏನಂದ್ರಿ? ನೀವು ವೆಜ್ಜೇ ಅಲ್ಲವೇ?” ಎನ್ನುತ್ತಾಳೆ. ಮರುದಿನ “ಮನೆಗೆ ನೆಂಟರೇ ಬರ್ತಾರಂತೆ, ಸಾರಿ” ಎಂದು ಫೋನು. ಬಹುವಚನ, ನಗು, ನೀರು ಎಲ್ಲ ಇತ್ತು. ಮನೆ ಮಾತ್ರ ಇಲ್ಲ. ನನ್ನನ್ನು ಕೇಳಿದರೆ ಸಂತೆಯ ಬದನೆಕಾಯಿಯವಳ ಬೈಗುಳವೇ ವಾಸಿ.

ಈ ತಾಲ್ಲೂಕುಗಳಲ್ಲಿ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವ ಪದ್ಧತಿ ಇದ್ದದ್ದು ನಿಮಗೆ ಗೊತ್ತು. 1982ರ ಕಾಯ್ದೆ ಅದನ್ನು ನಿಷೇಧಿಸಿತು. ಆದರೂ ಆ ತಾಯಂದಿರ ಮಕ್ಕಳನ್ನು ಶಾಲೆಯಲ್ಲಿ, ಕಚೇರಿಯಲ್ಲಿ ಒಂದು ಪ್ರಶ್ನೆ ಹಿಂಬಾಲಿಸುತ್ತಲೇ ಬಂತು: “ಅಪ್ಪನ ಹೆಸರು?” ಬಲು ಮೆಲುದನಿಯ ಪ್ರಶ್ನೆ, ಫಾರಂ ತುಂಬಬೇಕಲ್ಲ! ತಂದೆಯ ಹೆಸರು ಕಡ್ಡಾಯವಲ್ಲ ಎನ್ನುವ ಹೊಸ ಮಸೂದೆಯನ್ನು ರಾಜ್ಯದ ವಿಧಾನಸಭೆ ಒಪ್ಪಿದ್ದು 2025ರಲ್ಲಿ. ಅಷ್ಟು ವರ್ಷ ಆ ಮಕ್ಕಳು ತಲೆ ತಗ್ಗಿಸಿ ನಿಂತದ್ದಕ್ಕೆ ಯಾರೂ “ಲೇ” ಅನ್ನಬೇಕಾಗಿರಲಿಲ್ಲ.

ಬನ್ನಿ, ಹಗರಿಬೊಮ್ಮನಹಳ್ಳಿಯ ದಾರಿ ಹಿಡಿಯೋಣ. ಹೊಸಪೇಟೆಯಿಂದ ಬರುವಾಗ ಬಲಗಡೆ ಕಾಣುವುದು ತುಂಗಭದ್ರೆಯ ಹಿನ್ನೀರು. 1953ರಲ್ಲಿ ಅಣೆಕಟ್ಟೆಯಲ್ಲಿ ನೀರು ನಿಂತಾಗ ತೊಂಬತ್ತರ ಸುಮಾರು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯಂಥ ಹಳೆಯ ಊರೂ ಹೋಯಿತು. ಆ ಊರುಗಳವರು ಸುತ್ತಲೂ ಹೋಗಿ ಹೊಸ ಓಣಿ ಕಟ್ಟಿಕೊಂಡರು. ಹಿಂದೆ ಕೇರಿಗೊಂದು ಬಾವಿ, ಬಾವಿಗೊಂದು ಜಾತಿ ಇದ್ದವರು ಹೊಸ ಜಾಗದಲ್ಲಿ ಒಂದೇ ನಲ್ಲಿಯ ಮುಂದೆ ಕೊಡ ಇಟ್ಟು ನಿಲ್ಲಬೇಕಾಯಿತು. ನಲ್ಲಿಯ ಜಗಳ ಎಂದರೆ ನಾವೆಲ್ಲ ನಗುತ್ತೇವೆ. ಜಗಳವಾಡಲಿಕ್ಕಾದರೂ ಒಂದೇ ಸಾಲಿನಲ್ಲಿ ನಿಲ್ಲಬೇಕಲ್ಲವೇ? (ಬಂದವರನ್ನು ಇಟ್ಟುಕೊಳ್ಳುವ ಗುಣ ಈ ತಾಲ್ಲೂಕಿನ ಕೆರೆಗೂ ಇದೆ. ಅಂಕಸಮುದ್ರದ ಕೆರೆಯಲ್ಲಿ ಬಣ್ಣದ ಕೊಕ್ಕರೆಗಳು ಬಂದು ಸಂಸಾರ ಹೂಡುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು.)

ಅದೇ ದಾರಿಯಲ್ಲಿರುವ ಮರಿಯಮ್ಮನಹಳ್ಳಿ ಹೊಸಪೇಟೆ ತಾಲ್ಲೂಕಿಗೆ ಸೇರಿದ್ದಾದರೂ ಅದನ್ನು ದಾಟಿ ಹೋಗಲು ಮನಸ್ಸಾಗದು. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರ ಊರು ಅದು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದ ಅವರಿಗೆ ಮನೆಯಿಂದ, ಬೀದಿಯಿಂದ ಸಿಕ್ಕ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಭಿಕ್ಷೆ ಬೇಡಿದರು, ಕುಣಿತ ಕಲಿತರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಲು ದೆಹಲಿಗೆ ಹೋದಾಗ ಅವರು ಮಾಡಿದ್ದೇನು, ಟಿ.ವಿ.ಯಲ್ಲಿ ನೀವೂ ನೋಡಿರುತ್ತೀರಿ. ರಾಷ್ಟ್ರಪತಿಗಳ ಮುಂದೆ ಸೆರಗು ಹಿಡಿದು, ನಮ್ಮೂರ ಅಜ್ಜಿ ಮೊಮ್ಮಗನಿಗೆ ದೃಷ್ಟಿ ತೆಗೆಯುವಂತೆ ನಿವಾಳಿಸಿ ಹರಸಿದರು. ದೇಶವೆಲ್ಲ ಬೆರಗಾಯಿತು. ನಮ್ಮ ಓಣಿಗಳಲ್ಲಿ ಹಿಂದೆ ಹೊಸ್ತಿಲಾಚೆಯಿಂದಲೇ ಜೋಗತಿಯರ ಜೋಳಿಗೆಗೆ ಹಿಟ್ಟು ಸುರಿಯುತ್ತಿದ್ದ ಮನೆಗಳಲ್ಲಿ ಅಂದು “ನಮ್ಮ ಮಂಜಮ್ಮ” ಎಂದರು. ‘ನಮ್ಮ’ ಎನ್ನಲು ಎಷ್ಟು ದೂರ ಹೋಗಿ ಬರಬೇಕಾಯಿತು!

ಹೂವಿನ ಹಡಗಲಿಗೆ ಹೋದವರು ಮಲ್ಲಿಗೆ ಕೊಳ್ಳದೆ ಬರಬೇಡಿ. ವಿಜಯನಗರದ ಕಾಲಕ್ಕೆ ಇಲ್ಲಿಂದ ಹಂಪಿಗೆ ಹಡಗಿನಲ್ಲಿ ಹೂ ಹೋಗುತ್ತಿತ್ತು, ಅದಕ್ಕೇ ಈ ಹೆಸರು ಎಂದು ಹೇಳುವುದುಂಟು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಈ ಹೂವಿನೊಂದಿಗೇ ಒಂದು ಒರಟುತನ ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ನಡೆದುಕೊಂಡು ಬಂದಿದೆ. ಅರಿಸಿನ-ಕುಂಕುಮದ ತಟ್ಟೆ ಸಾಲಾಗಿ ಬರುತ್ತದೆ. ಗಂಡನನ್ನು ಕಳೆದುಕೊಂಡಾಕೆಯ ಮುಂದೆ ನಿಲ್ಲದೆ ಮುಂದಕ್ಕೆ ಸರಿಯುತ್ತದೆ. ಯಾರೂ ಬೈಯುವುದಿಲ್ಲ, ಯಾರೂ ಏನೂ ಅನ್ನುವುದಿಲ್ಲ. ಆಕೆ ಸೆರಗು ಸರಿಮಾಡಿಕೊಂಡು ಬೇರೆಲ್ಲೋ ನೋಡುತ್ತಾಳೆ. ಹೋದ ವರ್ಷ ನಮ್ಮ ನೆಂಟರ ಸೀಮಂತವೊಂದರಲ್ಲಿ ತಟ್ಟೆ ಹಿಡಿದಿದ್ದ ಹುಡುಗಿ, ಬಿ.ಇಡಿ. ಓದುತ್ತಿರುವವಳು, ಹಾಗೆ ಸರಿಯದೆ ನಿಂತಳು. “ತಗಾ ದೊಡ್ಡವ್ವಾ, ಬಾಗಿದ್ರ ನಾನೇ ಮುಡಸ್ತೀನಿ.” ಒಬ್ಬರಿಬ್ಬರು ಹಿರಿಯರು ಗೊಣಗಿದರು. ಬಸುರಿಯೇ ತಿರುಗಿ, “ಸುಮ್ನಿರ್ರಿ ಅತ್ತ್ಯಾ, ನನ್ನ ಎತ್ತಿ ಆಡಿಸಿದ ಕೈ ಅದು” ಎಂದಳು. ಅಲ್ಲಿಗೆ ಮಾತು ಮುಗಿಯಿತು, ಊಟಕ್ಕೆ ಎಲೆ ಹಾಕಿದರು.

ಇದೇ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ. ಮೈಲಾರಲಿಂಗನ ಗೊರವಯ್ಯ ಡೆಂಕನ ಮರಡಿಯಲ್ಲಿ ಬಿಲ್ಲೇರಿ ಕಾರ್ಣಿಕ ನುಡಿಯುತ್ತಾನೆ. ವರ್ಷದ ಮಳೆ-ಬೆಳೆ, ರಾಜಕಾರಣವೆಲ್ಲ ಆ ಒಂದು ನುಡಿಯಲ್ಲಿ ಅಡಗಿದೆ ಎಂದು ಜನ ಅರ್ಥ ಬಿಡಿಸುತ್ತಾರೆ. ಲಕ್ಷಗಟ್ಟಲೆ ಮಂದಿ, ಕಿವಿ ಗಡಚಿಕ್ಕುವ ಗದ್ದಲ. ಆಗ ಮೇಲಿನಿಂದ ಒಂದು ಕೂಗು: “ಸದ್ದಲೇ!” ಅಷ್ಟೆ. ಸೂಜಿ ಬಿದ್ದರೆ ಕೇಳಬೇಕು. ಮಂತ್ರಿ, ಅಧಿಕಾರಿ, ಸಾಹುಕಾರ, ಕುರಿ ಕಾಯುವವ, ಎಲ್ಲರಿಗೂ ಒಂದೇ ‘ಲೇ’. ಯಾರೂ ಸಿಟ್ಟಾಗುವುದಿಲ್ಲ. ಒಬ್ಬರನ್ನೂ ಬಿಡದೆ ಎಲ್ಲರಿಗೂ ಹೇಳಿದ್ದರಿಂದಲೇ ಇರಬೇಕು.

ಉಳಿದದ್ದು ಹರಪನಹಳ್ಳಿ. ಹೆಂಗಸರ ಬಾಯಲ್ಲಿ ಇಂದಿಗೂ ಹಾಡಾಗಿ ಉಳಿದಿರುವ ಹರಿದಾಸ ಕವಯಿತ್ರಿ ಹರಪನಹಳ್ಳಿ ಭೀಮವ್ವನ ಹೆಸರಿನೊಂದಿಗೆ ಹೊಂದಿಕೊಂಡ ಊರು. ಈ ತಾಲ್ಲೂಕಿನ ಹಳೆಯ ಅಜ್ಜಿಯೊಬ್ಬಳು ಇದ್ದ ಮನೆ ಬಿಟ್ಟು ಕದಲದಿದ್ದರೂ ಎರಡು ರಾಜ್ಯ, ಮೂರು ಜಿಲ್ಲೆ ಕಂಡಿರುತ್ತಾಳೆ. 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ, 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 371 ಜೆ ಸೌಲಭ್ಯಕ್ಕಾಗಿ ಹೋರಾಡಿ 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಜವಳಿಗೆ, ಆಸ್ಪತ್ರೆಗೆ ಮಾತ್ರ ಇಂದಿಗೂ ದಾವಣಗೆರೆಯೇ. ಕಾಗದಪತ್ರ ಒಂದು ಕಡೆ, ಕಾಲು ಒಂದು ಕಡೆ!

ಊರೂರು ತಿರುಗುವ ಮಾತು ಬಂತಲ್ಲ, 2023ರ ಜೂನ್ 11ರಿಂದ ನಮಗೆಲ್ಲ ಬಸ್ಸು ಉಚಿತವಾಯಿತು. ಶಕ್ತಿ ಯೋಜನೆ ಬಂದ ಹೊಸದರಲ್ಲಿ ಬಸ್ಸಿನಲ್ಲಿ ಕೇಳಿದಷ್ಟು ಒರಟು ಮಾತು ನಾನು ಸಂತೆಯಲ್ಲೂ ಕೇಳಿರಲಿಲ್ಲ. “ಫ್ರೀ ಮಂದಿ ಬಂದ್ರು, ಇನ್ನ ನಮಗ ಸೀಟಿಲ್ಲ” ಎಂದು ಗಂಡಸರು. ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದ ಹೆಂಗಸರ ನಡುವೆಯೂ ಕಡಿಮೆ ಯುದ್ಧವೇನಲ್ಲ, ಸುಳ್ಳೇಕೆ ಹೇಳಲಿ. ಒಮ್ಮೆ ಹೀಗೆ ಗೊಣಗಿದ ಯುವಕನಿಗೆ ತಾಂಡಾದ ಅಜ್ಜಿಯೊಬ್ಬಳು ಬಿಸಿಬಿಸಿಯಾಗಿ ಕೊಟ್ಟಳು: “ನಮ್ಮವ್ವನ ಮನಿಗೆ ಹೋಗಾಕ ನಿನ್ನ ಪರ್ಮಿಷನ್ ಬೇಕೇನಲೇ ತಮ್ಮಾ? ಏಳು, ಈ ಬಸುರಿ ಹುಡುಗಿಗೆ ಜಾಗ ಬಿಡು.” ಹುಡುಗ ಎದ್ದ. ಅಜ್ಜಿಯ ಬಾಯಲ್ಲಿ ಆ ‘ಲೇ’ ಕೇಳಿ ನನಗೆ ಒಳಗೊಳಗೇ ಸಂತೋಷವಾಯಿತು. ಹಿಂದೆ ಅದೇ ಅಜ್ಜಿ ಬಸ್ಸಿನ ಹಿಂದಿನ ಬಾಗಿಲ ಬಳಿ ನೆಲದ ಮೇಲೆ ಗಂಟು ಇಟ್ಟು ಕೂತಿರುತ್ತಿದ್ದಳು. ಈಗ ಹುಲಿಗಿಗೋ ಉಚ್ಚಂಗಿದುರ್ಗಕ್ಕೋ ಹೊರಟ ಬಸ್ಸಿನಲ್ಲಿ ಅಗ್ರಹಾರದ ಸೊಸೆಯ ಪಕ್ಕದಲ್ಲೇ ಅವಳ ಸೀಟು. ಮೊದಲ ಎರಡು ಮೈಲಿ ಇಬ್ಬರೂ ಸುಮ್ಮನಿರುತ್ತಾರೆ. ಮೂರನೆಯ ಮೈಲಿಗೆ, “ಯಾವೂರವ್ವಾ?”

ಹರಪನಹಳ್ಳಿಯ ಸುತ್ತ ಲಂಬಾಣಿ ತಾಂಡಾಗಳು ಬಹಳ. ಮಳೆ ನಂಬಿದ ಹೊಲ, ಸುಗ್ಗಿ ಮುಗಿದರೆ ಕೆಲಸವಿಲ್ಲ. ಗಂಡ-ಹೆಂಡತಿ ಗುಳೆ ಹೋಗುತ್ತಾರೆ. ಚಿಕ್ಕಮಗಳೂರಿನ ಕಡೆ ಕಾಫಿ ಹಣ್ಣು ಬಿಡಿಸಲು, ಮಂಡ್ಯದ ಕಡೆ ಕಬ್ಬು ಕಡಿಯಲು. ತಾಂಡಾದಲ್ಲಿ ಉಳಿಯುವವರು ಮುದುಕರು, ಶಾಲೆಗೆ ಹೋಗುವ ಮಕ್ಕಳು, ಸಾಲು ಸಾಲು ಬೀಗ. ನಮ್ಮ ಬೆಳಗಿನ ಕಾಫಿಯ ಹಿಂದೆ ಇಲ್ಲಿಯ ಒಂದು ಬೀಗ ಹಾಕಿದ ಬಾಗಿಲೂ ಇದೆ ಎನ್ನುವುದು ಒಲೆ ಹಚ್ಚುವಾಗ ನಮಗೆ ನೆನಪಾಗುವುದಿಲ್ಲ. ಗುಳೆ ಹೋದ ಕಡೆ ಅವರಿಗೆ ಸಿಗುವ ಮಾತು ಯಾವ ವಚನದಲ್ಲಿರುತ್ತದೋ!

ಹಾಗೆ ಹೋದವರ ಮಕ್ಕಳೇ ಇಂದು ಓದಿ ಬರುತ್ತಿದ್ದಾರೆ. ತಾಂಡಾದ ಹುಡುಗಿ ಶಾಲೆಗೆ ಟೀಚರಾಗಿ ಬಂದರೆ ಊರ ಗೌಡರೂ “ಅಕ್ಕೋರ, ನಮ್ಮ ಹುಡುಗ ಹೆಂಗ ಓದ್ತಾನ್ರಿ?” ಎಂದು ಕೇಳಲೇಬೇಕು. ಅವಳ ಅಜ್ಜಿಯನ್ನು “ಏ ಲಂಬಾಣಿ” ಎಂದು ಕರೆದ ಅದೇ ಜಗಲಿಯಿಂದ. ಮಗನ ಮಾರ್ಕ್ಸಿನ ಆಸೆಗೋ ಮನಸ್ಸು ಬದಲಾಗಿಯೋ, ‘ರೀ’ ಅಂತೂ ಹೊರಟಿತು. ಹತ್ತು ವರ್ಷ ಬಾಯಲ್ಲಿ ಉರುಳಿದ ಮೇಲೆ ಅದು ಒಳಗೂ ಇಳಿದೀತು ಎಂದು ನನ್ನ ಆಸೆ.

ಆ ತಾಂಡಾದ ಪಕ್ಕದ ಹಳ್ಳಿಯೊಂದರಲ್ಲಿ ಕಿರಾಣಿ ಅಂಗಡಿ ಇಟ್ಟ ಹೆಂಗಸೊಬ್ಬಳಿದ್ದಾಳೆ. ಬಾಯಿ ಎಂದರೆ ಬಾಯಿ! ಸಾಲ ಕೇಳಿದವರ ಹಿಂದಿನ ಏಳು ತಲೆಯನ್ನೂ ಎತ್ತಿ ಆಡುತ್ತಾಳೆ. ಅವಳ ಅಂಗಡಿಯ ಗೋಡೆಗೆ ಉದ್ದಕ್ಕೂ ಮೊಳೆಗಳು, ಮೊಳೆಗೊಂದು ಕೀಲಿಕೈ, ಗುರುತಿಗೆ ಬಣ್ಣಬಣ್ಣದ ಅರಿವೆಯ ಚೂರು. ಗುಳೆ ಹೋದವರು ಕೊಟ್ಟು ಹೋದವು. ವಾರಕ್ಕೊಮ್ಮೆ ಹೋಗಿ ಬಾಗಿಲು ತೆಗೆದು ಗೆದ್ದಲು ನೋಡುತ್ತಾಳೆ, ಉಳಿದ ಅಜ್ಜ-ಅಜ್ಜಿಯರಿಗೆ ಗುಳಿಗೆ ತಂದುಕೊಡುತ್ತಾಳೆ, ಬೈಯುತ್ತಲೇ. ಯುಗಾದಿಗೆ ನಾಲ್ಕು ದಿನ ಮೊದಲು ಬೀಗ ತೆಗೆದು, ಅಂಗಳ ಸಾರಿಸಿ, ಕೊಡಕ್ಕೆ ನೀರು ತುಂಬಿಸಿ ಇಡುತ್ತಾಳೆ. ಹೋದ ಯುಗಾದಿಯಲ್ಲಿ ನಾನು ನೋಡುವಾಗ ಗೋಡೆಯ ಮೇಲೆ ಒಂದೇ ಕೀಲಿಕೈ ಉಳಿದಿತ್ತು, ಹಸಿರು ಚೂರು ಕಟ್ಟಿದ್ದು. “ಈ ಮನ್ಯಾಕಿ ಇನ್ನೂ ಬಂದಿಲ್ಲ ನೋಡು. ಬರ್ಲಿ, ಮಾಡ್ತೀನಿ ಆಕಿಗೆ” ಎಂದು ಬೈದುಕೊಳ್ಳುತ್ತಾ, ಬಸ್ಸಿನ ಸದ್ದಾದಾಗಲೆಲ್ಲ ಹೊರಗೆ ಇಣುಕುತ್ತಿದ್ದಳು.